ಮಾವನ ಸೂರ್ಯಕಾಂತಿ ಪಾಠ

ನನ್ನ ಸೋದರಮಾವನಿಗೆ ಒಂದು ಕಾಯಿಲೆ ಇದೆ. ಅದಕ್ಕೆ ಔಷಧಿಯಿಲ್ಲ! ಏನು ಕೇಳಿದರೂ ಉತ್ತರ ಹೇಳುವುದಿಲ್ಲ, “ಹೆಂಗೆ ಗೊತ್ತು ಮಾಡ್ಕೋತೀಯ?” ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ. ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರಲ್ಲಿ ಏಳನೇ ತರಗತಿಗೆ ವಿಜ್ಞಾನ ಕಲಿಸುವ ಮೇಷ್ಟ್ರು. ಇಂಥವರನ್ನು ಮಕ್ಕಳು ಹೇಗೆ ಸಹಿಸಿಕೊಳ್ಳುತ್ತಾರೋ ಎಂದು ನಮ್ಮತ್ತೆಗೆ ಆಶ್ಚರ್ಯ.

ಅತ್ತೆಯ ಆಶ್ಚರ್ಯಕ್ಕೆ ಕಾರಣವಿದೆ. ಒಮ್ಮೆ ನಾನು ಚಾಮರಾಜನಗರದಿಂದ ಅವರ ಮನೆಗೆ ಹೋದ ದಿನ ಅತ್ತೆ ಬಾಯ್ತಪ್ಪಿ, “ಸಾರಿಗೆ ಉಪ್ಪು ಸಾಕಾ ನೋಡಿ” ಎಂದುಬಿಟ್ಟರು. “ನನ್ನೊಬ್ಬನ ನಾಲಿಗೆ ನಂಬೋದು ಹೆಂಗೆ?” ಎಂದು ಮಾವ ಅಕ್ಕಪಕ್ಕದವರನ್ನೆಲ್ಲ ಕರೆದರು. ತಲೆಗೊಂದು ಬಟ್ಟಲು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸಬಾರದು, ಅದಕ್ಕೆ ಒಬ್ಬೊಬ್ಬರಾಗಿ ಒಳಗೆ! ಕೊನೆಗೆ ಉಪ್ಪು ಸರಿಯಾಗಿದೆ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಸಾರು ಮುಗಿದಿತ್ತು. ನಾವು ಮಜ್ಜಿಗೆ ಅನ್ನ ಉಂಡೆವು.

ಇನ್ನೊಮ್ಮೆ ಮಕ್ಕಳನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ದರು. ನಾನೂ ಹೋಗಿದ್ದೆ. ದೇವರಿಗೆ ಕೈಮುಗಿದದ್ದೇ, “ಮಂಜು ಎಲ್ಲಿಂದ ಶುರುವಾಗ್ತದೆ, ಹುಡುಕ್ರಪ್ಪ” ಎಂದರು. ಮಕ್ಕಳು ಕೈಚಾಚಿಕೊಂಡು ನಡೆದರು. ಒಂದೊಂದೇ ಜಡೆ, ಒಂದೊಂದೇ ಚೀಲ ಬಿಳಿ ಮಂಜಿನಲ್ಲಿ ಕರಗಿ, ದನಿಗಳು ಮಾತ್ರ ಉಳಿದವು.

“ಇಲ್ಲಿಲ್ಲ ಸಾ, ಅಲ್ಲಿ ಅದ!”

“ಅಯ್ಯೋ, ಇಲ್ಲಿಂದ ನೋಡುದ್ರ ನೀವೇ ಮಂಜೊಳಗ ಇದ್ದೀರಿ ಸಾ!”

ಮಾವ ಕಣ್ಣುಮುಚ್ಚಿ ಕೇಳುತ್ತ ನಿಂತರು. ನಿಂತೇ ಇದ್ದರು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಆ ಹೊತ್ತು ನನಗೂ ಬಸ್ಸು ಹೋದರೆ ಹೋಗಲಿ ಅನ್ನಿಸಿತ್ತು, ಹೇಳಲಿಲ್ಲ ಅಷ್ಟೆ.

ಇಂಥ ಮಾವ ಈ ಸಲ ತಮ್ಮ ಪಾಠಕ್ಕೆ ತಾವೇ ಸಿಕ್ಕಿಬಿದ್ದರು. ಅರಳಿದ ಸೂರ್ಯಕಾಂತಿ ದಿನವಿಡೀ ಸೂರ್ಯನ ಜೊತೆ ತಿರುಗುತ್ತದೆ ಎಂದು ಅವರ ನೋಟ್ಸು. ಕೆಲಸಕ್ಕೆ ಸೇರಿದ ವರ್ಷದಿಂದ ಬರೆಸುತ್ತಲೇ ಬಂದಿದ್ದರು. ಎಲ್ಲವನ್ನೂ ಪರೀಕ್ಷೆ ಮಾಡುವ ಮನುಷ್ಯ ಅದೊಂದನ್ನು ಮಾತ್ರ ಹಾಗೇ ನಂಬಿದ್ದರು! ಈ ಸಲ ಯಾಕೋ ಮಕ್ಕಳನ್ನು ಭೀಮನಬೀಡಿನ ದಾರಿಯ ಹೊಲಕ್ಕೆ ಕಳಿಸಿದರು. ಹತ್ತು ಹೂವಿಗೆ ದಾರ ಕಟ್ಟಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವ ಕಡೆ ಮುಖ ಎಂದು ಬರೆಯಬೇಕು. ಹೂಗಳು ಮೂರು ಹೊತ್ತೂ ಮೂಡಲಿಗೇ ಮುಖ ಮಾಡಿಕೊಂಡು, ಸಂಜೆ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದವು.

ಒಬ್ಬ ಹುಡುಗಿಯ ಪುಸ್ತಕ ಮಾತ್ರ ಖಾಲಿ. ಆಮೇಲೆ ಮಾವನೇ ನನಗೆ ಹೇಳಿದ್ದು ಇದು.

“ಯಾಕಮ್ಮಿ ಬರೀಲಿಲ್ಲ?”

“ಏನ್ ಬರೀಲಿ ಸಾ? ನೋಟ್ಸಲ್ಲಿರೋದಾ, ಕಂಡದ್ದಾ?”

“ಕಂಡದ್ದು ಬರಿ.”

“ನಮ್ಮವ್ವ ಬ್ಯಾಡ ಅಂದ್ಲು. ಅವ್ಳು ಏಳ್ನೇ ಕ್ಲಾಸಲ್ಲಿ ಹೂವ ತಿರುಗಲ್ಲ ಅಂದಿದ್ಕ ನೀವು ಬೆಂಚಿನ ಮ್ಯಾಲ ನಿಲ್ಸಿದ್ರಂತೆ. ಆಮ್ಯಾಲ ಅವ್ಳು ಕ್ಲಾಸಲ್ಲಿ ಬಾಯೇ ಬುಡ್ಲಿಲ್ವಂತೆ.”

ಆ ಸಂಜೆ ಅತ್ತೆ ಹೆದರಿ ನನಗೆ ಫೋನ್ ಮಾಡಿದರು. “ನಿಮ್ಮಾವ ಕೇಳ್ದುದ್ಕೆಲ್ಲ ಸೀದಾ ಉತ್ತರ ಕೊಡ್ತಾವ್ರೆ ಕಣೋ, ಬೇಗ ಬಾ!”

ಮರುದಿನ ನಾನು ಶಾಲೆಗೆ ಹೋಗುವಷ್ಟರಲ್ಲಿ ಮಾವ ಆ ತಾಯಿಯನ್ನು ಕರೆಸಿದ್ದರು. ಹೊಲದ ಕೂಲಿ ಬಿಟ್ಟು ನೇರ ಬಂದಿದ್ದಳು. ಮಗಳ ಮೇಲೆ ಏನೋ ದೂರಿದೆ ಎಂದುಕೊಂಡು ಸೆರಗಿಗೆ ಕೈಯೊರೆಸುತ್ತ ಬಾಗಿಲಲ್ಲೇ ನಿಂತಳು. ಮಾವ ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು, ಮುಂದಿನ ಬೆಂಚು ಹತ್ತಿ ನಿಂತುಬಿಟ್ಟರು! ಮಕ್ಕಳು ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ.

“ಇಳೀರಿ ಸಾ, ಬಿದ್ಬುಟ್ಟೀರಿ!”

“ತಪ್ಪು ನಂದಮ್ಮ. ನೀನು ನೋಡಿದ್ದೆ, ನಾನು ನೋಡಿರ್ಲಿಲ್ಲ. ಹೆಂಗೆ ಗೊತ್ತು ಮಾಡ್ಕೊಂಡೆ ಅಂತ ಅವತ್ತೇ ಕೇಳ್ಬೇಕಿತ್ತು. ಇವತ್ತು ಕೇಳ್ತೀನಿ, ಹೇಳು.”

ಆಕೆ ಮಗಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಬಾಯಿಬಿಟ್ಟಳು.

“ಮೊಗ್ಗಾಗಿದ್ದಾಗ ತಿರುಗ್ತದ ಸಾ. ಅರಳಿದ ಮ್ಯಾಲ ತಿರುಗಲ್ಲ. ಸಂಜ ಹೊಲದಿಂದ ಪಡುವಲ ಕಡ ಮನೆಗೋಗುವಾಗ ತಿರುಗಿ ನೋಡ್ತಿದ್ದೆ. ಒಂದ್ ಹೂವೂ ನನ್ ಕಡ ನೋಡ್ತಿರ್ಲಿಲ್ಲ.”

ಯಾರೂ ನಗಲಿಲ್ಲ. ಹುಡುಗಿ ಖಾಲಿ ಪುಟ ತೆರೆದು ಬರೆಯತೊಡಗಿದಳು. ಮಾವ ಬೆಂಚಿನಿಂದ ಇನ್ನೂ ಇಳಿದಿರಲಿಲ್ಲ.

“ಮೊದ್ಲು ಕಂಡೋರು ಯಾರು ಅನ್ನೋದನ್ನೂ ಬರೀಬೇಕು ಕಣಮ್ಮಿ,” ಎಂದರು. “ನಿಮ್ಮವ್ವನ ಹೆಸರು ಬರಿ.”