ಅಕಾರಾದಿಯಲ್ಲಿ ಆಯೇರಿ

ನೀವು ಫೋನಿನ ಆಪ್‌ನಲ್ಲಿ ಬರೆದಿಟ್ಟದ್ದು ನಿಮ್ಮ ಬಳಿ ಇಲ್ಲ. ಅದು ಎಲ್ಲೋ ಇರುವ ಯಾವುದೋ ಕಂಪನಿಯ ಅಟ್ಟದ ಮೇಲಿದೆ. ಮನಸ್ಸು ಬಂದ ದಿನ ಕಂಪನಿ ಆ ಅಟ್ಟವನ್ನು ಗುಡಿಸುತ್ತದೆ, ನಿಮ್ಮ ಸಾಮಾನನ್ನು ಆಚೀಚೆ ಎತ್ತಿಡುತ್ತದೆ, ಆಮೇಲೆ ‘ನಿಮ್ಮ ಅನುಕೂಲಕ್ಕಾಗಿ’ ಎಂದು ಒಂದು ಚೀಟಿ ಅಂಟಿಸುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಬೈಲಹೊಂಗಲದ ಯುವರಾಜನಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿರಬೇಕಿತ್ತು. ಮನೆಯಲ್ಲೇ ಕುಳಿತು ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವ ಅವನಿಗೆ ಇಂಥ ಅಟ್ಟ ಕಟ್ಟಿಕೊಡುವುದೇ ಹೊಟ್ಟೆಪಾಡು.

ಗೊತ್ತಿದ್ದರೂ ಅವನು ನಂಬಿದ. ಕೆಇಬಿ ಬಿಲ್ಲಿನಿಂದ ಹಿಡಿದು ಅಪ್ಪನ ಶುಗರ್ ಗುಳಿಗೆಯವರೆಗೆ ಎಲ್ಲವೂ ಒಂದೇ ಆಪ್‌ನಲ್ಲಿ. ಹೊಸ ಮನೆಯ ಓಪನಿಂಗಿಗೆ ದಿನ ನಿಶ್ಚಯವಾದಾಗ ಅವನು ಎದೆ ಉಬ್ಬಿಸಿ ಘೋಷಿಸಿದ: “ಈ ಸಲ ಆಯೇರಿಯೊಳಗ ಒಂದ ಚೂರೂ ತಪ್ಪಾಗೂದಿಲ್ಲ. ನಾ ಸಿಸ್ಟಮ್ ಮಾಡೇನಿ.”

ಆಯೇರಿ ಎಂದರೆ ಕಾರ್ಯಕ್ಕೆ ಬಂದ ನೆಂಟರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಹೇಳುವುದಕ್ಕೆ ಒಂದು ವಾಕ್ಯ, ಮಾಡುವುದಕ್ಕೆ ಹೊರಟರೆ ಸಂವಿಧಾನ ತಿದ್ದುಪಡಿಗಿಂತ ಕಷ್ಟ. ಯಾರಿಗೆ ಸೀರೆ, ಯಾರಿಗೆ ಬರೀ ಜಂಪರ್ ಪೀಸು, ಯಾರಿಗೆ ತಲೆಗೆ ಸುತ್ತುವ ಪಟಗ, ಯಾರಿಗೆ ಟೊಪ್ಪಿಗೆ-ಟಾವೆಲ್ಲು, ಯಾರನ್ನು ಯಾರಿಗಿಂತ ಮೊದಲು ಕರೆಯಬೇಕು — ಇದರಲ್ಲಿ ಒಂದು ಕೂದಲೆಳೆ ಜಾರಿದರೂ ಒಂದು ತಲೆಮಾರು ಮಾತು ಬಿಡುತ್ತದೆ. ಹಾಗೆ ಮಾತು ಬಿಟ್ಟವಳೇ ಹೂಲಿಯ ಕರೆವ್ವ, ಯುವರಾಜನ ಅಪ್ಪ ಜಟ್ಟೆಪ್ಪನ ಒಬ್ಬಳೇ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಯುವರಾಜನ ಮದುವೆಯಲ್ಲಿ ಓಣಿಯವರ ಹೆಸರೆಲ್ಲ ಮುಗಿದ ಮೇಲೆ ಅವಳನ್ನು ಕರೆದರು. ಅವಳು ಊಟಕ್ಕೂ ಕೂಡದೆ ಬಸ್ಸು ಹತ್ತಿದಳು. ಅಂದಿನಿಂದ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಈ ಸಲ ಜಟ್ಟೆಪ್ಪ ತಾನೇ ಹೂಲಿಗೆ ಹೋಗಿ, ಅರ್ಧ ದಿನ ಕಟ್ಟೆಯ ಮೇಲೆ ಕುಳಿತು, “ಬರತೇನಿ” ಎಂಬ ಒಂದು ಮಾತು ಪಡೆದು ಬಂದಿದ್ದ.

“ಅಕ್ಕ ಈ ಸಲ ಎದ್ದು ಹೋದಳಂದ್ರ ಮತ್ತ ಬರೂದಿಲ್ಲೋ,” ಎಂದು ಮಗನಿಗೆ ಹೇಳಿದ. “ನಮಗಿಬ್ಬರಿಗೂ ವಯಸ್ಸಾತು.”

“ಚಿಂತಿ ಬಿಡಪಾ. ಲಿಸ್ಟಿನೊಳಗ ಅತ್ತಿದs ಮೊದಲ ನಂಬರ್.”

ಯುವರಾಜನ ಸಿಸ್ಟಮ್ ಹೀಗಿತ್ತು: ಎಲ್ಲರ ಬಟ್ಟೆಯನ್ನೂ ಒಂದೇ ಬಣ್ಣದ ಚೀಲಗಳಲ್ಲಿ ಹಾಕಿ, ದರ್ಜಿಯಿಂದ ಬಾಯಿ ಹೊಲಿಸಿ, ಮೇಲೆ ಬರೀ ನಂಬರ್ ಬರೆದ. ಯಾವ ನಂಬರ್ ಯಾರದು ಎಂಬುದು ಆಪ್‌ನಲ್ಲಿ. ಆ ನಂಬರುಗಳನ್ನೂ ಅವನು ಬರೆದದ್ದಲ್ಲ. ಹೆಸರು ಬರೆಯುತ್ತ ಹೋದಂತೆ ಆಪ್ ತಾನಾಗಿಯೇ ಹಾಕಿಕೊಟ್ಟದ್ದು. ಅವನ ಹೆಂಡತಿ ಪ್ರಜ್ಞಾ ತಾಲೂಕು ಆಸ್ಪತ್ರೆಯಲ್ಲಿ ನರ್ಸು.

“ಹೆಸರೂ ಬರೀರಿ,” ಎಂದಳು ಅವಳು. “ನಾವು ರಕ್ತದ ಬಾಟ್ಲಿ ಮ್ಯಾಲೆ ಬರೇ ನಂಬರ್ ಬರದು ಕಳಸೂದಿಲ್ಲ.”

“ಹೆಸರು ಒಂದs ಇಬ್ಬರಿಗೆ ಇರತಾವು. ನಂಬರ್ ಇರೂದಿಲ್ಲ. ಇದು ಸಾಯನ್ಸು.”

“ಆತ್ರಿ. ಸಾಯನ್ಸ್ ಕೆಟ್ಟರ ನನ್ನ ಕರೀಬ್ಯಾಡ್ರಿ.”

ಕಾರ್ಯದ ದಿನ ಬುದ್ಧವಂದನೆ ಮುಗಿಯಿತು, ಮೇಣದಬತ್ತಿ ಹಚ್ಚಿದ್ದಾಯಿತು. ಕರೆವ್ವ ಹೊಸ್ತಿಲು ದಾಟಿ ಒಳಗೆ ಬಂದು, ಅಡುಗೆಮನೆ ನೋಡಿ, ನಲ್ಲಿ ತಿರುಗಿಸಿ ನೋಡಿ, “ಚಲೋ ಆಗೇತಿ” ಎಂದಳು. ಜಟ್ಟೆಪ್ಪನಿಗೆ ಮನೆ ಕಟ್ಟಿಸಿದ್ದು ಆಗ ಸಾರ್ಥಕವೆನ್ನಿಸಿತು. ಅಂಗಳದ ಪೆಂಡಾಲಿನಲ್ಲಿ ಮೈಕು ಸಿದ್ಧವಾಯಿತು. ಯುವರಾಜ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಫೋನು ಹಿಡಿದು ನಿಂತ.

ಅದೇ ಮುಂಜಾನೆ ಅಟ್ಟ ಗುಡಿಸಿ ಮುಗಿದಿತ್ತು. ಆಪ್ ತಾನಾಗಿಯೇ ಹೊಸದಾಗಿ, ಇವನ ಪಟ್ಟಿಯನ್ನು ಇವನ ಅನುಕೂಲಕ್ಕಾಗಿ ಅಕಾರಾದಿಗೆ ಜೋಡಿಸಿ, ನಂಬರುಗಳನ್ನೂ ಹೊಸದಾಗಿ ಹಾಕಿತ್ತು. ‘ಅ’ದಿಂದ ತಂಗಿಯ ಗಂಡ ಅಜಿತ ಮೊದಲನೆಯವನಾಗಿದ್ದ. ಮನೆ ಕಟ್ಟಿದ ಗೌಂಡಿ ಅಮೋಘಸಿದ್ದಪ್ಪ ಎರಡನೆಯವನು. ‘ಕ’ ಬರುವ ಹೊತ್ತಿಗೆ ಕರೆವ್ವ ಮೂರಕ್ಕೆ ಇಳಿದಿದ್ದಳು. ಚೀಲಗಳು ಮಾತ್ರ ಹಳೆಯ ನಂಬರಿನಲ್ಲೇ ನಿಷ್ಠೆಯಿಂದ ಕುಳಿತಿದ್ದವು.

ಅತ್ತೆಯನ್ನೇ ಮೊದಲು ಕರೆಯಬೇಕೆಂಬುದು ಯುವರಾಜನಿಗೆ ಬಾಯಿಪಾಠವಿತ್ತು. ಅವಳ ಹೆಸರು ಹುಡುಕಿದ. ಎದುರಿಗೆ ಮೂರು ಎಂದಿತ್ತು. ಒಂದು ಇರಬೇಕಿತ್ತಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಆದರೆ ಆಪ್ ತಪ್ಪು ಹೇಳುತ್ತದೆಯೇ?

“ಹೂಲಿ ಕರೆವ್ವ ಅತ್ತಿಯವರು ಬರಬೇಕು.”

ಜಟ್ಟೆಪ್ಪ ತಾನೇ ಮೂರನೆಯ ಚೀಲದ ಹೊಲಿಗೆ ಬಿಚ್ಚಿ, ಎರಡೂ ಕೈಯಿಂದ ಒಳಗಿನದನ್ನು ಎತ್ತಿ ಅಕ್ಕನ ಉಡಿಗೆ ಹಾಕಿದ. ಬೂದು ಬಣ್ಣದ ಪ್ಯಾಂಟ್ ಪೀಸು. ಜೊತೆಗೆ ಗೀಟಿನ ಶರ್ಟಿನ ಅರಿವೆ.

ಪೆಂಡಾಲಿನಲ್ಲಿ ಮೊದಲು ಯಾರೂ ನಗಲಿಲ್ಲ. ನಗು ಬಂದದ್ದು ಅಜಿತ ತನ್ನ ಪಾಲಿಗೆ ಬಂದ ಒಂದನೆಯ ಚೀಲ ಬಿಚ್ಚಿ ಇಳಕಲ್ ಸೀರೆ ಹೊರಗೆಳೆದಾಗ. ಅವನು ಅದನ್ನು ಹೆಗಲ ಮೇಲೆ ಹೊದ್ದು, “ಅತ್ತೀ, ನನಗ ಒಪ್ಪೇತೇನ್ರಿ?” ಎಂದುಬಿಟ್ಟ.

“ಬದಲ ಮಾಡಿ ಕೊಡ್ರಿ, ಲಗೂನ,” ಎಂದು ಪ್ರಜ್ಞಾ ಗಂಡನ ಕಿವಿಯಲ್ಲಿ ಹೇಳಿದಳು. ಯುವರಾಜ ಓಡಿಹೋಗಿ ಅತ್ತೆಯ ಉಡಿಗೆ ಕೈ ಹಾಕಿದ. ಅದು ಮೊದಲನೆಯದಕ್ಕಿಂತ ದೊಡ್ಡ ತಪ್ಪು.

“ಮಂದಿ ಮುಂದ ಕೊಟ್ಟ ಆಯೇರಿ ಮಂದಿ ಮುಂದ ಕಸಗೊಂತೀಯೇನು?” ಎಂದಳು ಕರೆವ್ವ, ದನಿಯನ್ನು ಒಂದಿಷ್ಟೂ ಏರಿಸದೆ. ಪ್ಯಾಂಟ್ ಪೀಸನ್ನು ನೀಟಾಗಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಮುನವಳ್ಳಿ ಮೇಲೆ ಹೂಲಿಗೆ ಹೋಗುವ ಬಸ್ಸಿಗೆ ಹೊರಟುಹೋದಳು. ಹೋಳಿಗೆ ಹಾಗೆಯೇ ಉಳಿಯಿತು.

ಜಟ್ಟೆಪ್ಪ ಖುರ್ಚಿಯಲ್ಲಿ ಕುಸಿದು ಕುಳಿತ. ಬೈಯಲಿಲ್ಲ. “ಮನಿ ಕಟ್ಟಿಸಿದಿ,” ಎಂದ. “ಅಕ್ಕನ್ನ ಹೊರಗ ಹಾಕಿದಿ.” ಅಂದಿನಿಂದ ಹೊಸ ಮನೆಯಲ್ಲಿ ಅವನ ಬಾಯಿಂದ ಬಂದದ್ದು ಹೂಂ, ಉಹೂಂ, ಎರಡೇ.

ಯುವರಾಜ ಆಪ್ ಕಂಪನಿಗೆ ಬೈದು ಬರೆದ. ‘ಹೊಸ ಜೋಡಣೆಯನ್ನು ಆನಂದಿಸಿ’ ಎಂದು ಉತ್ತರ ಬಂತು. ಬರೆದದ್ದನ್ನೆಲ್ಲ ಹೊರಗೆ ತೆಗೆಯಲು ಹೋದರೆ ಅದು ಅಕ್ಷರ ಕೊಡದೆ ಚಿತ್ರಗಳನ್ನು ಕೊಟ್ಟಿತು. ಮಾಲು ನಮ್ಮದು, ಮಾಡಿದವರು ನಾವು, ಕೇಳಲು ಹೋದರೆ ಫೋಟೋ ತೋರಿಸಿ ಕಳಿಸುವುದು! ಇದನ್ನು ಬಜಾರದ ಅಂಗಡಿಕಾರ ಮಾಡಿದ್ದರೆ ನಾವು ಅಂಗಡಿಯೆದುರು ಗದ್ದಲ ಎಬ್ಬಿಸುತ್ತಿದ್ದೆವು. ಕಂಪನಿ ಮಾಡಿದರೆ ‘ಒಪ್ಪಿದೆ’ ಎಂಬ ಗುಂಡಿ ಒತ್ತುತ್ತೇವೆ.

ಯುವರಾಜ ಈ ಸಲ ಒತ್ತಲಿಲ್ಲ. ಕುಳಿತು ತನ್ನದೇ ಒಂದನ್ನು ಬರೆದ. ಬಿಳಿ ಪರದೆ, ಮೇಲೆ ಹುಡುಕುವ ಡಬ್ಬಿ, ಕೆಳಗೆ ಬರೀ ಅಕ್ಷರದ ಸಾಲು. ಬಣ್ಣವಿಲ್ಲ, ಗಂಟೆಯಿಲ್ಲ, ಸಲಹೆಯಿಲ್ಲ. ಒಬ್ಬರಿಗೆ ಒಂದು ಸಾಲು. ಫೈಲು ಅವನ ಫೋನಿನಲ್ಲೇ. ಚಿತ್ರ ನೋಡಿ ನೋಡಿ ಹಳೆಯದನ್ನೆಲ್ಲ ಅದರೊಳಗೆ ಇದ್ದದ್ದು ಇದ್ದಂತೆ ಇಳಿಸಿದ.

ಪ್ರಜ್ಞಾ ನೋಡಿದಳು. “ಇಷ್ಟ ದಿನಾ ಕುಂತು ಮಾಡಿದ್ದು ಇದನೇನ್ರಿ? ಇದರಾಗ ಏನೂ ಇಲ್ಲ.”

“ಏನೂ ಇಲ್ಲಂತನ ಮಾಡೇನಿ. ಬರದದ್ದು ಬರದಂಗ ಇರತೈತಿ. ಯಾರೂ ಕೈ ಆಡಸೂದಿಲ್ಲ, ಏನೂ ಮುಚ್ಚಿಡೂದಿಲ್ಲ.”

“ಹಂಗಾದ್ರ ಮೊದಲ ಹೂಲಿಗೆ ನಡೀರಿ. ಮಾವನ ಹೂಂ, ಉಹೂಂ ಕೇಳಿ ನನಗ ಸಾಕಾಗೇತಿ.”

ಅಜಿತನಿಗೆ ಹೋದ ಸೀರೆಯನ್ನು ಯುವರಾಜನ ತಂಗಿ ಆಗಲೇ ಉಟ್ಟು ಸ್ಟೇಟಸ್ ಹಾಕಿದ್ದಳು. ಇನ್ನೊಂದು ಇಳಕಲ್ ಸೀರೆ ಕೊಂಡು ಇಬ್ಬರೂ ಹೂಲಿಗೆ ಹೋದರು. ಕರೆವ್ವ ಅಂಗನವಾಡಿ ನಡೆಸಿ ರಿಟೈರ್ ಆದವಳು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

“ಬಾರವಾ ಪ್ರಜ್ಞಾ, ಕುಂಡ್ರು,” ಎಂದಳು. ಯುವರಾಜನಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ಮಾತ್ರ ಇಬ್ಬರಿಗೂ ತಂದಿಟ್ಟಳು.

“ಅತ್ತೀ, ತಪ್ಪು ಆಪಿಂದು,” ಎಂದು ಶುರು ಮಾಡಿದ ಅವನು.

“ನಿನ್ನ ಮದುವ್ಯಾಗೂ ಆಪ್ ಇತ್ತೇನೋ?”

ಯುವರಾಜ ಅವಸರದಲ್ಲಿ ಫೋನು ತೆಗೆದ. “ಅದನ್ನ ಬಿಟ್ಟೇನಿ. ಈಗ ನಾನ ಒಂದ ಮಾಡೇನಿ. ನಿನ್ನ ಹೆಸರು ಹಾಕಿದ್ರ ನಿನ್ನ ಸಾಲು ಬರತೈತಿ. ನೀನ ನೋಡು.”

ಕರೆವ್ವ ಚಾಳೀಸಿನ ಕನ್ನಡಕ ಏರಿಸಿಕೊಂಡು, ಅಂಗನವಾಡಿಯ ಮಕ್ಕಳಿಗೆ ಓದಿ ಹೇಳುತ್ತಿದ್ದ ದನಿಯಲ್ಲಿ ಓದಿದಳು: “‘ಕರೆವ್ವ ಅತ್ತಿ. ಇಳಕಲ್ ಸೀರಿ, ಹಸರ ದಡಿ. ಸಿಟ್ಟಿನಾಕಿ. ಮೊದಲ ಕೊಟ್ಟು ಮುಗಸೂದು, ಇಲ್ಲಾಂದ್ರ ಕೂಗಾಡತಾಳ.’”

ಹಳೆಯ ಆಪ್‌ನಲ್ಲಿ ಇಂಥ ಟಿಪ್ಪಣಿ ಒಂದು ಬಾಣದ ಗುರುತಿನ ಕೆಳಗೆ ಮಡಚಿಕೊಂಡಿರುತ್ತಿತ್ತು. ಯುವರಾಜನ ಹೊಸ ಸೃಷ್ಟಿಯಲ್ಲಿ ಮಡಚುವ ಸೌಲಭ್ಯವೇ ಇರಲಿಲ್ಲ. ಪ್ರಜ್ಞಾ ಚಹಾದ ಕಪ್ಪಿನೊಳಗೆ ಮುಖ ಇಟ್ಟಳು.

“ಸಿಟ್ಟಿನಾಕಿ ಅನ್ನೂದು ಖರೆ,” ಎಂದಳು ಕರೆವ್ವ. “ಕೂಗಾಡಿದ್ದು ಯಾವಾಗ? ಮದುವ್ಯಾಗ ಕೂಗಾಡಿದ್ನೇನು? ಮೊನ್ನೆ ಕೂಗಾಡಿದ್ನೇನು?”

“ಇಲ್ಲ ಅತ್ತಿ.”

“ಸುಮ್ಮನ ಎದ್ದು ಹೋದ್ನಿ. ಹಂಗಂತ ಬರಿ.”

ಅವನು ಅಳಿಸಿ ಬರೆದ.

“ಯಾಕ ಹೋದಳಂತನೂ ಬರಿ.”

“ಮೊದಲ ಕರೀಲಿಲ್ಲಂತ…”

“ಮೊದಲ ಕರಿ, ಕಡೀಕ ಕರಿ, ನನಗೇನ ಆಗಬೇಕು? ನಿನ್ನ ಮದುವ್ಯಾಗ ಯಾವನೋ ಮೈಕಿನ್ಯಾಗ ನನ್ನ ಹೆಸರು ಓದಿದ. ಮೊನ್ನೆ ನಾ ನಿನ್ನ ಎದುರಿಗೇ ಕುಂತಿದ್ನಿ. ನೀ ಫೋನ್ ನೋಡಿಕೋತ ‘ಹೂಲಿ ಕರೆವ್ವ’ ಅಂದಿ. ಅದನ್ನ ಇಡು ಕೆಳಗ. ಸೀರಿ ತಂದೀಯಲ್ಲ? ಎದ್ದು ನಿಂತು, ನನ್ನ ಮಾರಿ ನೋಡಿ ಕೊಡು.”

ಯುವರಾಜ ಫೋನನ್ನು ಜೋಳದ ಮೊರದಲ್ಲಿಟ್ಟು ಎದ್ದು ನಿಂತ. ಅತ್ತೆಯ ಮುಖ ನೋಡಿದ. ಸೀರೆ ಕೊಟ್ಟ. ಅವಳು ಸೆರಗು ಒಡ್ಡಿ ಇಸಿದುಕೊಂಡು, ಅಂಚಿನ ಹಸಿರು ದಡಿಯ ಮೇಲೆ ಒಮ್ಮೆ ಕೈಯಾಡಿಸಿದಳು.

“ಐತವಾರ ಬರತೇನಿ ಅಂತ ನಿಮ್ಮಪ್ಪಗ ಹೇಳು. ಹೋಳಿಗಿ ಮತ್ತ ಮಾಡಬೇಕಾಕ್ಕೈತಿ ಅಂತನೂ ಹೇಳು.” ಆಮೇಲೆ ಸೊಂಟದ ಸಂಚಿಯಿಂದ ತನ್ನ ಫೋನು ತೆಗೆದು ಮುಂದೆ ಹಿಡಿದಳು. “ಅದನ್ನ ನನಗೂ ಹಾಕಿ ಕೊಡು. ನನಗೂ ನೆಂಟರು ಅದಾರ.”

ಯುವರಾಜನಿಗೆ ಹೆಮ್ಮೆಯಾಯಿತು. ತಾನು ಕಟ್ಟಿದ್ದನ್ನು ಕೇಳಿ ಹಾಕಿಸಿಕೊಂಡ ಜಗತ್ತಿನ ಮೊದಲ ಗಿರಾಕಿ. ಹಾಕಿಕೊಟ್ಟ. ಕರೆವ್ವ ಒಂದೇ ಬೆರಳಿನಲ್ಲಿ ನಿಧಾನವಾಗಿ ಮೊದಲ ಸಾಲು ಬರೆದು ಅವನ ಕಡೆ ತಿರುಗಿಸಿದಳು.

‘ಯುವರಾಜ. ಕಂಪ್ಯೂಟರ್ ಕಲ್ತಾನ. ಉಳಿದದ್ದು ಕಲಸಬೇಕು.’

ಅಳಿಸು ಎನ್ನುವಂತಿರಲಿಲ್ಲ. ಬರೆದದ್ದನ್ನು ಯಾರೂ ಮುಟ್ಟಬಾರದೆಂದೇ ಅವನು ಅದನ್ನು ಕಟ್ಟಿದ್ದು.

ಇನ್ನು ನೀವು. ಇವತ್ತೇ ಆ ಅಟ್ಟಕ್ಕೆ ಏಣಿ ಹಾಕಿ, ನೀವು ಬರೆದದ್ದನ್ನೆಲ್ಲ ಕೆಳಗಿಳಿಸಿ ನಿಮ್ಮ ಕೈಗೆ ತೆಗೆದುಕೊಳ್ಳಿ. ಆಮೇಲೆ ಅದರಲ್ಲಿ ಯಾರ್ಯಾರ ಹೆಸರಿದೆಯೋ ಅವರವರ ಎದುರಿಗೆ ಕುಳಿತು, ಅವರ ಸಾಲನ್ನು ಗಟ್ಟಿಯಾಗಿ ಓದಿ.