ಡ್ರೈವರ್ ಮೈಗೆ ನಾಕು ತಾಲೂಕಿನ ಎಣ್ಣಿ

ಮನ್ಯಾಗ ಒಬ್ರು ಹಾಸಗಿ ಹಿಡದ್ರ ಊರ ಮಂದಿ ಎಲ್ಲಾ ಡಾಕ್ಟರ್ ಆಗ್ತಾರ. ಇದು ನಮ್ಮದೊಂದೇ ಮನಿ ಮಾತಲ್ಲ, ಎಲ್ಲಾರ ಮನ್ಯಾಗೂ ನಡಿಯೂದೇ. ಆದ್ರ ನಮ್ಮ ಮನ್ಯಾಗ ನಡದಷ್ಟು ಮತ್ತೆಲ್ಲೂ ನಡದಿರಲಿಕ್ಕಿಲ್ಲ. ಯಾಕಂದ್ರ ನಮ್ಮ ಮನ್ಯಾರು ಸರಕಾರಿ ಬಸ್ಸಿನ ಡ್ರೈವರ್. ಮುದ್ದೇಬಿಹಾಳದಾಗ ಮನಿ ಮಾಡಿ, ಒಮ್ಮೆ ಸಿಂದಗಿ ಗಾಡಿ, ಒಮ್ಮೆ ಇಂಡಿ ಗಾಡಿ, ಒಮ್ಮೆ ಬಾಗೇವಾಡಿ ಗಾಡಿ ಅಂತ ಜನ್ಮ ಪೂರ್ತಿ ಹೊಡದವ್ರು. ಅವರಿಗೆ ಗುರುತಿಲ್ಲದ ಮಂದಿ ಈ ನಾಕು ತಾಲೂಕಿನ್ಯಾಗ ಸಿಗೂದು ಕಷ್ಟ.

ರಿಟೈರ್ ಆಗಿ ಎಂಟು ತಿಂಗಳಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು ಬಿದ್ದು ಹೋದ್ವು. ಮಾತೂ ಹೋತು. ಏನ್ ಧ್ವನಿ ಇತ್ತಂತೀರಿ! ಬಸ್ ಸ್ಟ್ಯಾಂಡಿನ ಈ ತುದಿಗೆ ನಿಂತು ಒದರಿದ್ರ ಆ ತುದಿಗೆ ಮಲಗಿದ ನಾಯಿ ಏಳ್ತಿತ್ತು. ಅಂಥವರ ಬಾಯಾಗ ಒಂದೇ ಮಾತು ಉಳೀತು, "ಆತು" ಅಂತ. ನೀರು ಬೇಕಾದ್ರೂ ಆತು, ಬ್ಯಾಡಾದ್ರೂ ಆತು, ಸಿಟ್ಟು ಬಂದ್ರೂ ಆತು.

ದವಾಖಾನಿಯಿಂದ ಮನಿಗೆ ಕಳಿಸೂ ಮುಂದ ಡಾಕ್ಟರ್ ನನಗ ಕರದು ಹೇಳಿದ್ರು: "ಅಮ್ಮಾರ, ದಿನಾ ಹಗೂರಕ ಎಣ್ಣಿ ಹಚ್ಚರಿ. ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸ್ರಿ. ಚರ್ಮ ಒಣಗಬಾರದು, ಬೆನ್ನಿಗೆ ಹುಣ್ಣಾಗಬಾರದು. ಆದ್ರ ಒಂದು ತಿಳ್ಕೋರಿ, ಎಣ್ಣಿ ಚರ್ಮಕ್ಕ ಅಷ್ಟೇ. ಬಿದ್ದ ಕೈ ಎಬ್ಬಸೂದಿಲ್ಲ."

"ಎದ್ದು ಕುಂಡ್ರತಾರೇನ್ರಿ?" ಅಂದೆ.

"ನೋಡೋಣ್ರಿ," ಅಂದ್ರು.

ನನಗ ಅವರು ನಡಿಯೂದು ಬ್ಯಾಡಾಗಿತ್ತು, ಬಸ್ ಹೊಡಿಯೂದಂತೂ ಬ್ಯಾಡೇ ಬ್ಯಾಡ. ಒಂದ್ಸಲ, ಯಾರ ಆಸರಿ ಇಲ್ಲದ ತಾವೇ ಎದ್ದು ಕುಂತು, ನನ್ನ ಕೈಯಾಗಿನ ಚಾ ಇಸ್ಕೊಂಡ್ರ ಸಾಕಿತ್ತು. ಎರಡು ವರ್ಷ ನಾ ದೇವರಿಗೆ ಬೇಡಿದ್ದು ಇದೊಂದೇ. ಆ ಎರಡು ವರ್ಷದಾಗ ಬಂದ ಎಣ್ಣಿ ಬಾಟಲಿ ಕಿಡಕಿ ತುಂಬಿ, ಕಪಾಟ ತುಂಬಿ, ಕಡೀಕ ಜಗಲಿ ಮ್ಯಾಲ ದೇವರ ಬಾಜೂಕೂ ಕುಂತ್ವು.

ಇಂಡಿ ಲಿಂಬಿ

ಮೊದಲು ಬಂದವರು ಇಂಡಿ ಕಡೆಯ ಒಬ್ಬ ಗೌಡ್ರು. ಲಿಂಬಿ ತ್ವಾಟ ಅವರದು. ನಮ್ಮ ಮನ್ಯಾರು ಅವರ ಲಿಂಬಿ ಚೀಲಾ ಬಸ್ಸಿನ ಮ್ಯಾಲ ಹೇರಿಸ್ಕೊಂಡು ಹೊಂಟಾಗಿಂದ ದೋಸ್ತಿ. ಬರೂ ಮುಂದ ದೊಡ್ಡದೊಂದು ಸೀಸೆ ತಂದ್ರು.

"ಅಕ್ಕಾರ, ಲಿಂಬಿ ಸಿಪ್ಪಿ ಹಿಂಡಿ ತಗದ ಎಣ್ಣಿ, ಕುಸುಬಿ ಎಣ್ಣ್ಯಾಗ ಕೂಡಿಸೇನಿ. ಹಚ್ಚಿ ಬಿಸಲಾಗ ಮಲಗಸ್ರಿ. ಕೈಕಾಲು ಹ್ಯಾಂಗ ಚುರುಕ ಆಗ್ತಾವ ನೋಡ್ರಿ."

ನಾನೂ ಹುಚ್ಚಿ. ಅಂಗಳದಾಗ ಹೊರಸು ಹಾಕಿ, ಓಣಿ ಹುಡುಗರನ್ನ ಕರದು ಹೊತ್ತು ತಂದು ಮಲಗಿಸಿ, ಭುಜದಿಂದ ಮುಂಗೈತನಾ ತಿಕ್ಕಿದೆ. ಓಣಿ ತುಂಬ ವಾಸನಿ ಹೊಡೀತು. ಬಾಜೂ ಮನಿ ಹೆಣಮಗಳು ಗ್ವಾಡಿ ಮ್ಯಾಲಿಂದ ಇಣಕಿ, "ಏನ್ರೀ, ಉಪ್ಪಿನಕಾಯಿ ಹಾಕೀರೇನು? ಘಮ್ ಅಂತೈತಲ್ಲ!" ಅಂದ್ಳು.

"ಹೌದವ್ವಾ, ನಮ್ಮ ಮನ್ಯಾರನ್ನೇ ಹಾಕೇನಿ. ಬಿಸಲಿಗೆ ಇಟ್ಟೇನಿ ನೋಡು," ಅಂದೆ.

ಮರುದಿನ ತೋಳು ಕೆಂಪಗಾಗಿ ಬೊಬ್ಬಿ ಎದ್ದು ಬಿಟ್ವು. ಎಡಗೈಗೂ ಹಚ್ಚಿದ್ದೆ, ಅದು ಉರೀತಿದ್ದಿರಬೇಕು. ಹಚ್ಚೂ ಮುಂದ ನಾ "ಉರೀತೈತೇನ್ರಿ?" ಅಂತ ಕೇಳಿದ್ದೆ, "ಆತು" ಅಂದಿದ್ರು. ಉರೀತೈತಿ ಅಂತ ಹೇಳಾಕೂ ಬಾಯಿಲ್ಲಲ್ಲೋ ಶಿವನ ಅಂತ ನಾ ಅಡಗಿ ಮನಿಗೆ ಹೋಗಿ ಸೆರಗು ಬಾಯಾಗಿಟ್ಟುಕೊಂಡು ಅತ್ತೆ. ಡಾಕ್ಟರ್ ಬಂದು, "ಲಿಂಬಿ ಎಣ್ಣಿ ಹಚ್ಚಿ ಯಾರರ ಬಿಸಲಾಗ ಇಡ್ತಾರೇನ್ರಿ?" ಅಂತ ಬಾಯಿಗೆ ಬಂದ್ಹಂಗ ಬೈದ್ರು. ಬೈಸ್ಕೊಂಡು ಹೊರಗ ಬಂದ್ರ ಬಾಜೂ ಮನ್ಯಾಕಿ ಮತ್ತ ಗ್ವಾಡಿ ಮ್ಯಾಲ. "ಏನಂದ್ರರೀ ಡಾಕ್ಟರ್?"

"ಏನಿಲ್ಲವ್ವಾ. ಬಿಸಲು ಹೆಚ್ಚಾತಂತ, ಉಪ್ಪಿನಕಾಯಿ ಕೆಟ್ಟೈತಿ."

ಒಂದೇ ದಿನದಾಗ ಗುಣಾ

ಆಮ್ಯಾಲ ಸಿಂದಗಿಯಿಂದ ನನ್ನ ನಾದಿನಿ ಬಂದ್ಳು. ಇವರ ತಂಗಿ. ಅದೇ ದಿನ ಅಗರಖೇಡದಿಂದ ನಮ್ಮಕ್ಕ ಬಂದ್ಳು. ಒಬ್ಬಾಕಿ ಕೈಯಾಗ ಎಳ್ಳೆಣ್ಣಿ, ಒಬ್ಬಾಕಿ ಕೈಯಾಗ ಔಡಲ ಎಣ್ಣಿ. ಎಳ್ಳು ಉಷ್ಣ ಅಂತ ಈಕಿ, ಔಡಲ ಜಿಗಟು ಅಂತ ಆಕಿ. ಚಾ ಕುಡಿಯೂತನಾ ತಡದ್ರು. ಚಾ ಮುಗದ ಮ್ಯಾಲ ಜಗಳಕ್ಕ ನಿಂತ್ರು.

ನನಗ ಸಾಕಾಗಿ, "ಕೈ ನೀ ತಗೋ, ಕಾಲು ಅಕ್ಕ ತಗೋಲಿ," ಅಂತ ಪಾಲು ಮಾಡಿಕೊಟ್ಟೆ. ಮನಿ ಪಾಲು ಕೇಳೀರಿ, ಹೊಲದ ಪಾಲು ಕೇಳೀರಿ, ಗಂಡನ್ನ ಪಾಲು ಮಾಡಿದಾಕಿ ನಾನೊಬ್ಬಾಕಿ.

ಇಬ್ಬರೂ ಸೆರಗು ಸಿಗಿಸಿ ತಿಕ್ಕಿದ್ದೇ ತಿಕ್ಕಿದ್ದು. ಮರುದಿನ ಮುಂಜಾನಿ ನಾ ಹಿತ್ತಲದಾಗ ಬಟ್ಟಿ ಹಿಂಡಾಕತ್ತಿದ್ದೆ, ಒಳಗಿಂದ ನಾದಿನಿ ಚೀರಿದ್ಳು: "ವೈನೀ! ಲಗೂನ ಬಾ! ಅಣ್ಣ ಕೈ ಎತ್ತಿದಾ!"

ಹಿಂಡೂ ಬಟ್ಟಿ ಅಲ್ಲೇ ಒಗದು ಓಡಿದೆ. ಹೋಗಿ ನೋಡ್ತೇನಿ, ಖರೇ ಕೈ ಮ್ಯಾಲೈತಿ. ಮೂಗಿನ ಮ್ಯಾಲ ಕುಂತ ನೊಣಾ ಹೊಡ್ಯಾಕತ್ತಾರ. ಎಡಗೈಲೆ.

ಎದುರಿಗೆ ಕುಂತ ನಾದಿನಿ ತನ್ನ ಬಲಗೈಗೆ ಸಮ ಇದ್ದ ಕೈನೇ ಬಲಗೈ ಅಂತ ತಿಳದು, ಎಣ್ಣಿ ಎಲ್ಲಾ ಗಟ್ಟಿ ಇದ್ದ ಕೈಗೆ ಹಚ್ಚಿದ್ಳು. ನಮ್ಮಕ್ಕ "ನಿಂದೇನು ಹೆಚ್ಚುಗಾರಿಕಿ, ಅದು ಬಿದ್ದಿದ್ದೇ ಅಲ್ಲ," ಅಂತ ನಕ್ಕಳು. ನಾದಿನಿ ಮಾರಿ ಸಣ್ಣದಾತು. ಬಾಗಲಕ್ಕ ಕುಂತು ಅಳಾಕತ್ತಿದ್ಳು. ಅಣ್ಣನ ಮ್ಯಾಲ ಭಾಳ ಜೀವ ಆಕಿದು, ಹುಡುಗಿದ್ದಾಗ ಅವ್ವ ಸತ್ತ ಮ್ಯಾಲ ಇವರೇ ಸಾಕಿದ್ದು. ಬೈಯಾಕ ಬಾಯಿ ಬರಲಿಲ್ಲ ನನಗ.

"ಅಳಬ್ಯಾಡವಾ," ಅಂದೆ, "ಮೊದಲು ಆ ಕೈಲೆ ನೊಣ ಹೊಡದ್ರ ತಪ್ಪಿಸ್ಕೊಂತಿತ್ತು. ಇವತ್ತು ಸತ್ತೈತಿ. ಅಷ್ಟು ಗುಣಾ ಬಂದೈತಿ."

ನಿದ್ದಿ ಬರೂ ಎಣ್ಣಿ

ಬಾಗೇವಾಡಿಯಾಗ ಬ್ಯೂಟಿ ಪಾರ್ಲರ್ ಇಟ್ಟ ಹುಡುಗಿ ಒಬ್ಬಾಕಿ ಬಂದಿದ್ಳು. ಕಾಲೇಜಿಗೆ ಹೋಗೂ ಮುಂದ ಆಕಿ ಓಡಿ ಬರೂದು ಕಂಡ್ರ ಇವರು ಗಾಡಿ ನಿಲ್ಲಿಸ್ತಿದ್ರಂತ. ಹೆಬ್ಬಟ್ಟಿನಷ್ಟು ಬಾಟಲಿ ಕೊಟ್ಟು, "ಆಂಟಿ, ಲ್ಯಾವೆಂಡರ್ ಎಣ್ಣಿ. ಮೈಗೆ ಹಂಗೇ ಹಚ್ಚಬ್ಯಾಡ್ರಿ, ಭಾಳ ಖಡಕ್ ಇರ್ತೈತಿ. ತಲಿದಿಂಬಿಗೆ ಎರಡೇ ಹನಿ ಹಾಕ್ರಿ. ಅಂಕಲ್‌ಗೆ ನಿದ್ದಿ ಬರ್ತೈತಿ," ಅಂದ್ಳು.

ಅವರಿಗೆ ನಿದ್ದೀದೇ ತ್ರಾಸ ಇತ್ತು. ಕಣ್ಣು ಬಿಟ್ಟು ಜಂತಿ ನೋಡ್ತಾ ಇರ್ತಿದ್ರು. ಅವರು ಮಲಗಲಿಲ್ಲಂದ್ರ ನಂಗೆಲ್ಲಿ ನಿದ್ದಿ? ಮಧ್ಯಾಹ್ನ ಉಂಡ ಮ್ಯಾಲ ಎರಡು ಹನಿ ದಿಂಬಿಗೆ ಹಾಕಿ, ಬರ್ತೈತೋ ಇಲ್ಲೋ ನೋಡೂಣಂತ ಬಾಜೂಕ ನೆಲದ ಮ್ಯಾಲ ಕುಂತು, ಅದೇ ದಿಂಬಿನ ಮೂಲಿಗೆ ತಲಿ ಆನಿಸಿದೆ.

ಎಚ್ಚರಾದಾಗ ಸಂಜಿ ಆಗಿತ್ತು. ಹಾಲು ಹಾಕಾವ ಬಾಗಲಾ ಬಡದು ಬಡದು ಹೋಗಿದ್ದ. ಎರಡು ತಾಸಿಗೊಮ್ಮೆ ಹೊರಳಿಸಬೇಕಾದಾಕಿ ನಾನೇ ಹೊರಳದ ಬಿದ್ದಿದ್ದೆ. ಗಾಬರಿಯಾಗಿ ಎದ್ದು ನೋಡ್ತೇನಿ, ಅವರು ಹಂಗೇ ಪಿಳಿಪಿಳಿ ಎಚ್ಚರ ಅದಾರ. ಅವರ ಮೈಮ್ಯಾಗಿನ ಕೌದಿ ನನ್ನ ಬೆನ್ನ ಮ್ಯಾಲೈತಿ. ಒಂದೇ ಕೈಲೆ ಎಷ್ಟು ಹೊತ್ತು ಎಳದು ಹೊಚ್ಚಿದ್ರೋ ಏನೋ. ಕೌದಿ ತಗದು ಅವರಿಗೇ ಹೊಚ್ಚಿ, ಮಗ್ಗಲಾ ಬದಲಿಸಿದೆ.

ಸಂಜೀಕ ಪಾರ್ಲರ್ ಹುಡುಗಿ ಫೋನ್ ಮಾಡಿದ್ಳು. "ಆಂಟಿ, ಎಣ್ಣಿ ಹ್ಯಾಂಗೈತ್ರಿ?"

"ಎಣ್ಣಿ ಫಸ್ಟ್ ಕ್ಲಾಸ್ ಐತವ್ವಾ. ಪೇಶಂಟ್ ಅಷ್ಟೇ ಅದಲ ಬದಲ ಆದ್ರು."

ಬದುಕಿದ್ದಕ್ಕ ಸಾಕ್ಷಿ

ಇಷ್ಟೆಲ್ಲಾ ಆದ ಮ್ಯಾಲ ನಾ ಬ್ಯಾರೆ ಎಣ್ಣಿ ಬಿಟ್ಟು ನಮ್ಮ ಊರ ಗಾಣದ ಚಾಚಾನ ಕಡೆ ಹೋದೆ. ಮುಪ್ಪಿನ ಮನಷ್ಯಾ, ಎಣ್ಣಿ ಮಾರಾವ ಖರೇ, ಆದ್ರ ಸುಳ್ಳು ಮಾರಾವಲ್ಲ. "ತಂಗೆವ್ವಾ, ಇದು ಬರೇ ಕೊಬ್ಬರಿ ಎಣ್ಣಿ. ಚರ್ಮ ಮೆತ್ತಗ ಇಡ್ತೈತಿ, ತುರಿಕಿ ಕಮ್ಮಿ ಮಾಡ್ತೈತಿ. ಎಬ್ಬಿಸಿ ಕುಂಡ್ರಿಸೂದು ನನ್ನ ಗಾಣದ ಕೆಲಸಲ್ಲ, ಮ್ಯಾಲಿನವಂದು," ಅಂದ. ಆವತ್ತಿಂದ ದಿನಾ ಮುಂಜಾನಿ ಅದನ್ನೇ ಹಚ್ಚಿದೆ. ಬೆನ್ನು, ಟೊಂಕ, ಹಿಮ್ಮಡ, ಬಟ್ಟಿನ ಸಂದಿ, ಒಂದೂ ಬಿಡಲಿಲ್ಲ.

ವರ್ಷಕ್ಕೊಮ್ಮೆ ಪೆನ್ಷನ್‌ದವರಿಗೆ "ಮನಷ್ಯಾ ಜೀವಂತ ಅದಾನ" ಅಂತ ತೋರಿಸಬೇಕಲ್ಲ, ಅದಕ್ಕ ಒಬ್ಬ ಹುಡುಗ ಮಷೀನ್ ತಗೊಂಡು ಮನಿಗೇ ಬಂದ. ಇವರ ಹೆಬ್ಬಟ್ಟು ಒತ್ತಿಸಿದ. ಮಷೀನ್ ಒಲ್ಲೆ ಅಂತು. ಟಾವೆಲ್‌ಲೆ ಒರಿಸಿದ್ವಿ, ಸಾಬಾಣ ಹಚ್ಚಿದ್ವಿ. ಎಲ್ಲಾ ಬಟ್ಟು ಒತ್ತಿಸಿದ್ವಿ. ಒಂದೂ ತಗೋಲಿಲ್ಲ.

"ಏನ್ ಹಚ್ಚೀರಿ ಅಮ್ಮಾರ? ಬಟ್ಟು ಜಾರಾಕತ್ತಾವ!" ಅಂದ ಆ ಹುಡುಗ.

"ಎಣ್ಣೀಪಾ."

"ಇರ್ಲಿ ಬಿಡ್ರಿ, ಮಾರಿ ಫೋಟೋ ತಗೊಂಡ್ರೂ ನಡೀತೈತಿ. ಒಮ್ಮೆ ಕಣ್ಣು ಪಿಳಕಿಸಿದ್ರ ಸಾಕು." ಮೊಬೈಲ್ ಹಿಡದು, "ಅಜ್ಜಾರ, ಕಣ್ಣು ಪಿಳಕಿಸ್ರಿ," ಅಂದ. ಇವರು ಅವನ್ನ ಗುರುಗುಟ್ಟಿ ನೋಡಿದ್ರು. ಪಿಳಕಿಸಲಿಲ್ಲ. ಹತ್ತು ಸಲ ಹೇಳಿದ. ಮೊಬೈಲ್ ಇಳಿಸಿದ ಕೂಡಲೇ ಪಿಳಕಿಸೂದು, ಎತ್ತಿದ ಕೂಡಲೇ ದಿಟ್ಟಿಸೂದು. ಓವರ್‌ಟೇಕ್ ಮಾಡಾಕ ಬಂದವರಿಗೆ ದಾರಿ ಬಿಡದ ಹಟಾ ಅದು, ನನಗ ಗೊತ್ತಿಲ್ಲೇನು?

ನನ್ನ ತಲಿ ಕೆಡ್ತು. "ಏನ್ರೀ ಇದು! ಬದುಕೀರೋ ಇಲ್ಲೋ ಅಷ್ಟರ ಹೇಳ್ರಿ!" ಅಂತ ಒದರಿದೆ.

ಬಾಯಿಂದ ಬಿದ್ದ ಮ್ಯಾಲ ನಾಲಿಗಿ ಕಚ್ಚಿಕೊಂಡೆ. ಅವರು ನನ್ನ ಮಾರಿನೇ ನೋಡಿದ್ರು. ಕಣ್ಣಾಗ ನೀರು ತುಂಬಿ ಬಂತು, ನೀರು ತಡೀಲಾರದ ರೆಪ್ಪಿ ಬಡದ್ರು. ಮೊಬೈಲ್ ಟಿಂಗ್ ಅಂತು.

"ಆತ್ರಿ ಅಮ್ಮಾರ," ಅಂದ ಹುಡುಗ ಖುಷಿಲೆ, "ಇನ್ನ ಒಂದು ವರ್ಷ ಜೀವಂತ ಅದಾರ್ರೀ."

ಅವತ್ತಿನ ಸ್ನಾನ

ಆ ಹುಡುಗ ಹೇಳಿದ ಒಂದು ವರ್ಷ ತುಂಬಲಿಲ್ಲ. ಒಂದು ಮುಂಜಾನಿ ಎಣ್ಣಿ ಬಿಸಿ ಮಾಡ್ಕೊಂಡು ಹೋದೆ, ಜೀವ ಇರಲಿಲ್ಲ. ಎಣ್ಣಿ ಬಟ್ಟಲಾ ಕೈಯಾಗ ಹಿಡಕೊಂಡು ಎಷ್ಟು ಹೊತ್ತು ನಿಂತಿದ್ನೋ ನನಗ ಖಬರಿಲ್ಲ.

ನಮ್ಮ ಪೈಕಿ ಸತ್ತವರನ್ನ ಮಲಗಿಸೂದಿಲ್ಲ. ಮೈ ತೊಳದು, ಇಬತ್ತಿ ಹಚ್ಚಿ, ಗ್ವಾಡಿಗೆ ಆನಿಸಿ ಕುಂಡ್ರಿಸ್ತೇವಿ. ಕುಂತೇ ಹೋಗಬೇಕು, ಮಣ್ಣಾಗೂ ಕುಂತೇ ಇರಬೇಕು. ಮೈ ತೊಳ್ಯಾಕ ಡಿಪೋದಾಗಿನ ಹಳೇ ಡ್ರೈವರ್‌ಗೋಳು ನಾಕು ಮಂದಿ ಮುಂದ ಬಂದ್ರು, ಒಬ್ಬೊಬ್ರು ಎತ್ತಿನಂಗ ಇದ್ರು. ಸಂಗಡ ಒಬ್ಬ ಕಂಡಕ್ಟರ್ ಇದ್ದ. ಇವರ ಗಾಡಿಗೆ ಇಪ್ಪತ್ತು ವರ್ಷ ಅವನೇ. ಬಂದಾಗಿಂದ ಬಾಗಲದಾಗ ನಿಂತು ಅಳಾಕತ್ತಿದ್ದ, ಒಳಗ ಬರಾಕ ಧೈರ್ಯ ಇಲ್ಲ.

ಕ್ರಿಯಾ ಮಾಡಿಸಾಕ ಬಂದ ಅಯ್ಯನವರು ಬೆನ್ನು ನೋಡಿ ಬೆರಗಾದ್ರು. "ತಂಗಿ, ಎರಡು ವರ್ಷ ಹಾಸಗಿ ಮ್ಯಾಲಿದ್ದ ಮೈ ಏನವಾ ಇದು? ಒಂದು ಗೀರಿಲ್ಲ, ಒಂದು ಹುಣ್ಣಿಲ್ಲ!" ಅಂದ್ರು. ಸುಳ್ಳ್ಯಾಕ ಹೇಳ್ಲಿ, ಅಂಥಾ ಹೊತ್ತಿನ್ಯಾಗೂ ನನಗ ಹೆಮ್ಮಿ ಆತು.

ಆದ್ರ ಎರಡು ವರ್ಷದ ಎಣ್ಣಿ ಬಿಡ್ತೈತೇನು? ಮ್ಯಾಲ ಬಿಸಿನೀರು, ಮ್ಯಾಲ ಸಾಬಾಣ. ನಾಕು ಮಂದಿ ಎತ್ತಿ ಗ್ವಾಡಿಗೆ ಕುಂಡ್ರಿಸಿದ್ರ ಎಡಕ್ಕ ಜಾರಿದ್ರು. ಎಡಕ್ಕ ಹಿಡದ್ರ ಬಲಕ್ಕ ಜಾರಿದ್ರು. ಬಗಲಾಗ ಕೈ ಹಾಕಿದವನ ಕೈ ಬರೇ ಬಂತು. ಕಾಲು ಹಿಡದವ ತಾನೇ ಜಾರಿ ಕುಂತ. "ಹಿಡೀರೋ, ಹಿಡೀರೋ" ಅನ್ನೂದ್ರಾಗ ಇವರು ಕುಂಡ್ರಿಸಿದ ಕಟಗಿ ಮಣಿ ಮ್ಯಾಲಿಂದ ಸರ್ರಂತ ಮುಂದ ಹೊಂಟ್ರು.

ಬಾಗಲದಾಗ ಅಳಾಕತ್ತಿದ್ದ ಕಂಡಕ್ಟರ್ ಎರಡೂ ಕೈಲೆ ಬಾಗಲಾ ದಬದಬ ಬಡದು, ಜೀವಾ ಬಿಟ್ಟು ಒದರಿದ: "ಹೋಲ್ಡಾನ್! ಹೋಲ್ಡಾನ್!"

ನಾಕೂ ಡ್ರೈವರ್‌ಗೋಳು ಬ್ರೇಕ್ ತುಳದ್ಹಂಗ ನಿಂತ್ರು. ಮನಿ ತುಂಬ ಸುಮ್ಮಗಾತು. ಆ ಸುಮ್ಮನದ್ರಾಗ ಕಿಸಕ್ಕಂತ ಒಂದು ನಗಿ ಬಂತು. ಯಾರದು ಅಂತ ಎಲ್ಲಾರೂ ಹೊಳ್ಳಿ ನೋಡಿದ್ರು. ನಂದು.

ಗಂಡ ಸತ್ತಾಗ ನಗೂ ಹೆಣಮಗಳ್ನ ನೋಡೀರೇನು? ನಾ ನಕ್ಕೆ. ತಡ್ಯಾಕ ಆಗಲಿಲ್ಲ. ನಾದಿನಿ ಚಿವುಟಿದ್ಳು, ನೋವಾತು, ಆದ್ರೂ ನಕ್ಕೆ. ನಕ್ಕು ನಕ್ಕು ಅದು ಅಳೂ ಆಗಿ, ಎರಡು ವರ್ಷ ಒಳಗ ಹಿಡದದ್ದೆಲ್ಲಾ ಹೊರಗ ಬಂತು. ನನ್ನ ನೋಡಿ ಮನಿ ಮಂದಿ ಎಲ್ಲಾ ನಕ್ಕೊಂತ ಅತ್ರು. ಕಡೀಕ ಅಯ್ಯನವರು ಇಬತ್ತಿ ತಗೊಂಡು ಎಲ್ಲಾರ ಅಂಗೈಗೂ ತಿಕ್ಕಿ, "ಈಗ ಹಿಡೀರಿ," ಅಂದ್ರು. ಹಿಡದ್ರು. ಕುಂಡ್ರಿಸಿದ್ರು. ರುಮಾಲು ಸುತ್ತಿ, ಮಾಲಿ ಹಾಕಿದ್ರು. ನೆಟ್ಟಗ ಕುಂತಿದ್ರು ನಮ್ಮ ಮನ್ಯಾರು.

ನಾ ಅವರ ಮುಂದ ಕುಂತು ಕಣ್ಣು ತುಂಬ ನೋಡಿದೆ. ಕುಂಡ್ರಲಿ, ಕುಂಡ್ರಲಿ ಅಂತ ದಿನಾ ಬೇಡಿದ್ದೆ. ಕೊಟ್ಟಿಪಾ ಶಿವನ, ಹಿಂಗ ಕೊಟ್ಟಿ.

ಮಧ್ಯಾಹ್ನ ಒಯ್ಯೂ ಹೊತ್ತಾತು. ಬಿದರು ಕಟ್ಟಿದ ಕುರ್ಚಿಯಾಗ ಕುಂಡ್ರಿಸಿ ಅದೇ ನಾಕು ಡ್ರೈವರ್‌ಗೋಳು ಹೆಗಲು ಕೊಟ್ರು, ಆದ್ರ ಯಾರೂ ಎತ್ತವಲ್ರು. ಒಬ್ರ ಮಾರಿ ಒಬ್ರು ನೋಡ್ತಾರ, ಮೊದಲು ಎತ್ತಾಕ ಯಾರಿಗೂ ಮನಸಿಲ್ಲ. ಕಂಡಕ್ಟರ್ ಹಿಂದ ನಿಂತಿದ್ದ. ಎಲ್ಲಾರೂ ಅವನ ಕಡೆ ನೋಡಿದ್ರು. ಅಂವ ಮೂಗು ಒರಸ್ಕೊಂಡು, ಅಂಗೈಲೆ ಬಿದರಿನ ಮ್ಯಾಲ ಎರಡು ಸಲ ಬಡದು, ಸಣ್ಣ ಧ್ವನಿಲೆ, "ರೈಟ್... ರೈಟ್ರೀ," ಅಂದ.

ಎರಡು ವರ್ಷ ನಾ ಕೈ ಸವಿಯೂತನಾ ತಿಕ್ಕಿದ್ರೂ ಏಳಲಾರದ ಮನಷ್ಯಾ, ಅವನ ಒಂದು ಮಾತಿಗೆ ಎದ್ದು ಹೊಂಟೇ ಬಿಟ್ರು.