ಹೆಗ್ಗದ್ದೆ ಗುಡ್ಡದ ಗಾಳಿ ಅಳೆದದ್ದು

ಗಾಳಿ, ನೀರು ಅಳೆಯುವ ಸರ್ಕಾರಿ ಕೆಲಸಕ್ಕೆ ಸೇರಿದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗುಡ್ಡ ಹತ್ತಿದರೆ ಸಾಕು, ಅದೇ ಎದುರಿಗೆ ಬರುತ್ತದೆ. ಹೆಗ್ಗದ್ದೆ ಹತ್ತಿರದ ಒಂದು ಸಣ್ಣ ಊರಿಗೆ ಅಲ್ಲೇ ಕರೆಂಟು ತಯಾರಿಸಬಹುದೇ ಎಂದು ನೋಡುವುದು ನನ್ನ ಪಾಲಿಗೆ ಬಂದಿತ್ತು. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲಲ್ಲಿ ಕೂರುವ ಊರು. "ಆಗೇ ಆಗುತ್ತೆ, ಬರೆದಿಟ್ಕೊಳ್ಳಿ" ಎಂದು ಮೊದಲ ದಿನವೇ ಊರವರಿಗೆ ಮಾತು ಕೊಟ್ಟುಬಿಟ್ಟೆ.

೧. ಮಾಯವಾಗುವ ಹಳ್ಳ

ಮೊದಲು ಹಳ್ಳದಲ್ಲಿ ನೀರಳೆಯುವ ಯಂತ್ರ ಇಟ್ಟೆವು. ಮಾರ್ಚಿನಲ್ಲಿ ಒಂದು ವಿಚಿತ್ರ ಕಂಡಿತು. ದಿನಾ ಬೆಳಿಗ್ಗೆ ಹಳ್ಳ ಬತ್ತುತ್ತದೆ, ಸಂಜೆಗೆ ತುಂಬುತ್ತದೆ! ಬೆಂಗಳೂರಿನ ನಮ್ಮ ಹಿರಿಯ ವಿಜ್ಞಾನಿಗಳು ಫೋನಿನಲ್ಲೇ ಕುಣಿದರು. "ಭೂಮಿಯೊಳಗೆ ಏನೋ ನಡೀತಿದೆ ಕಣ್ರೀ, ಪ್ರಬಂಧ ಬರೆಯೋಣ." ಅರ್ಧ ಬರೆದೂ ಆಗಿತ್ತು. ಹಳ್ಳದ ಮೇಲಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸಿಕ್ಕಾಗ ಸುಮ್ಮನೆ ವಿಚಾರಿಸಿದೆ.

"ಕಾಫಿ ಹೂವಾಗ್ಬೇಕಲ್ಲ ಸಾರ್, ಬೆಳಿಗ್ಗೆ ಸ್ಪ್ರಿಂಕ್ಲರ್‌ಗೆ ಪಂಪು ಹಾಕ್ಬುಡ್ತೀವಿ."

"ಮೊದಲೇ ಹೇಳಬಾರದಿತ್ತಾ?"

"ನೀವು ಹಳ್ಳ ಅಳೀತಿದೀರ ಅಂದ್ಕೊಂಡಿದ್ದೆ. ನಮ್ಮ ಪಂಪು ಅಳೀತಿದೀರ ಅಂತ ಯಾರಿಗ್ ಗೊತ್ತಿತ್ತು!"

೨. ಸರ್ಕಾರದ ಬಟ್ಟಲು

ಹಳ್ಳದ ನೀರು ಪಂಪಿನ ಪಾಲು ಎಂದಾದ ಮೇಲೆ ಉಳಿದದ್ದು ಗಾಳಿ. ಗುಡ್ಡದ ನೆತ್ತಿಯಲ್ಲಿ ಕಂಬ ನೆಟ್ಟು, ತುದಿಗೆ ಗಾಳಿಗೆ ತಿರುಗುವ ಬಟ್ಟಲುಗಳನ್ನು ಕೂರಿಸಿದೆವು. ಮಳೆಗಾಲದಲ್ಲಿ ಸಾಕಷ್ಟು ಗಾಳಿ ದಾಖಲಾದರೆ ಗುಡ್ಡ ಪಾಸು. ಇಲ್ಲದಿದ್ದರೆ ಊರಿನ ಕರೆಂಟೂ ಇಲ್ಲ, ನನ್ನ ಮಾತಿಗೆ ಬೆಲೆಯೂ ಇಲ್ಲ. ಪಕ್ಕದಲ್ಲೇ ಮನೆಯಿದ್ದ, ಮರ ಹತ್ತಿ ಮೆಣಸು ಕುಯ್ಯುವವನೊಬ್ಬನನ್ನು ಕಾವಲಿಗಿಟ್ಟೆ.

"ಗಾಳಿ ಎಷ್ಟೈತೆ ಅಂತ ನೋಡೋಕೆ ಇಷ್ಟೆಲ್ಲ ಯಾಕೆ ಸಾರ್? ನಮ್ಮನೆ ಹೆಂಚು ಎಷ್ಟು ಹಾರ್ತವೆ ಎಣಿಸಿದ್ರೆ ಆಯ್ತಪ್ಪ" ಎಂದ.

ನಾನು ಗತ್ತಿನಿಂದಲೇ ಹೇಳಿದೆ, "ಅದು ವಿಜ್ಞಾನ ಅಲ್ಲ ಮಾರಾಯ. ಈ ಬಟ್ಟಲು ಸರ್ಕಾರದ ಸೊತ್ತು. ಏನಾದ್ರೂ ಆದ್ರೆ ನೀನೇ ಹೊಣೆ."

"ಬಟ್ಟಲಿಗಿರೋ ಮರ್ಯಾದೆ ನಮ್ಮ ಹೆಂಚಿಗಿಲ್ಲ ಬುಡಿ" ಎಂದು ಅಲ್ಲೇ ಕೂತ.

೩. ಮೂರು ದಿನದ ಸೊನ್ನೆ

ಜುಲೈನಲ್ಲಿ ಬಾಳ್ಳುಪೇಟೆಯಲ್ಲಿ ಬಸ್ಸಿಳಿದರೆ ಗಾಳಿಗೆ ಕೊಡೆ ಉಲ್ಟಾ ಹೊಡೆದು ಕಡ್ಡಿ ಮಾತ್ರ ಕೈಯಲ್ಲುಳಿಯಿತು. ನನಗೆ ಹಬ್ಬ! ಖುಷಿಯಲ್ಲಿ ಫೋನ್ ತೆಗೆದು, ಕಂಬದಿಂದ ಅದಕ್ಕೇ ಬರುವ ಗಾಳಿಯ ಲೆಕ್ಕ ನೋಡಿದೆ. ಮೂರು ದಿನದಿಂದ ಸೊನ್ನೆ. ಜೀಪು ಹಿಡಿದು ಗುಡ್ಡಕ್ಕೆ ಓಡಿದೆ.

ಬಟ್ಟಲುಗಳನ್ನು ತೆಂಗಿನ ಹಗ್ಗದಲ್ಲಿ ಕಂಬಕ್ಕೆ ಬಿಗಿದು ಕಟ್ಟಲಾಗಿತ್ತು.

"ಯಾರೋ ಕಟ್ಟಿದ್ದು?"

"ನಾನೇ ಸಾರ್. ಗಾಳಿ ಶುರುವಾಗ್ತಲೇ ಹತ್ತಿ ಕಟ್ಬುಟ್ಟೆ. ಗಿರಗಿರ ತಿರುಗೋದು ನೋಡಿದ್ರೆ ಕಿತ್ಕೊಂಡು ಹೋಗೋ ಹಂಗಿತ್ತು. ಹೊಣೆ ನಂದು ಅಂದಿದ್ರಲ್ಲ!"

ತಲೆ ಮೇಲೆ ಕೈಹೊತ್ತು ಅವನ ಮನೆ ಕಡೆ ತಿರುಗಿದೆ. ಸೂರಿನ ಮೇಲೆ ಬರೀ ಪ್ಲಾಸ್ಟಿಕ್ ಹೊದಿಕೆ. ಸಿಟ್ಟೆಲ್ಲ ಇಳಿದುಹೋಯಿತು. ನನಗೇ ನಾಚಿಕೆಯಾಯಿತು.

ಪುಣ್ಯಕ್ಕೆ ಮಳೆಗಾಲ ಇನ್ನೂ ಬಾಕಿಯಿತ್ತು. ಹಗ್ಗ ಬಿಚ್ಚಿಸಿದೆವು, ಬಟ್ಟಲು ತಿರುಗಿದವು, ಗುಡ್ಡ ಪಾಸಾಯಿತು. ಆ ಮೂರು ದಿನದ ಖಾಲಿ ಜಾಗಕ್ಕೆ ಏನು ಬರೆಯೋಣ ಎಂದು ಬೆಂಗಳೂರಿನ ಹಿರಿಯರನ್ನು ಕೇಳಿದಾಗ, "ಕಾವಲುಗಾರನ ಹೇಳಿಕೆ ಲಗತ್ತಿಸಿ" ಎಂದರು. ಅವನು ಹೇಳಿದಂತೆಯೇ ಬರೆದೆ:

"ಮೊದಲ್ನೇ ದಿನ ಮೂವತ್ತು ಹೆಂಚು. ಎರಡ್ನೇ ದಿನ ನೂರು. ಮೂರ್ನೇ ದಿನ ಗಾಳಿ ಇನ್ನೂ ಜೋರಿತ್ತು ಸಾರ್, ಆದ್ರೆ ಹಾರೋಕೆ ಹೆಂಚು ಉಳಿದಿದ್ರೆ ತಾನೆ!"